ಯುರೋಪಿನ ಶುಂಠಿಯಲ್ಲಿ ಉಳಿದಿರುವ ‘ಬೇರು’

ಜರ್ಮನಿಯ ತರಕಾರಿ ಅಂಗಡಿಯಲ್ಲಿ ಶುಂಠಿ ಇಟ್ಟ ಬುಟ್ಟಿಯ ಮೇಲೆ ‘ಇಂಗ್ವರ್’ ಅಂತ ಬರೆದಿರುತ್ತದೆ. ಸ್ವೀಡನ್ನಿನಲ್ಲಿ ಅದು ‘ಇಂಗೆಫ್ಯಾರ’. ಫಿನ್ಲೆಂಡಿನಲ್ಲಿ ‘ಇಂಕಿವ್ಯಾರಿ’. ತಮಿಳು, ಮಲಯಾಳ ಬಲ್ಲವರು ಇದನ್ನು ಕೇಳಿದರೆ ತಟ್ಟನೆ ಕಿವಿಗೊಡುತ್ತಾರೆ. ಅವರ ಮಾತಿನಲ್ಲಿ ಶುಂಠಿಗೆ ‘ಇಂಜಿ’, ಬೇರಿಗೆ ‘ವೇರ್’. ಕೂಡಿಸಿದರೆ ‘ಇಂಜಿವೇರ್’. ಇಂಗ್ವರ್, ಇಂಕಿವ್ಯಾರಿ, ಇಂಜಿವೇರ್. ಎಷ್ಟು ಹತ್ತಿರ ಅಲ್ವಾ?

ಇದು ಕಾಕತಾಳೀಯವೇ? ಅರ್ಧ ಹೌದು, ಅರ್ಧ ಅಲ್ಲ. ಪದ ಒಂದೇ ಅನ್ನುವುದು ನಿಜ. ದಕ್ಷಿಣ ಭಾರತದಿಂದ ಹೊರಟು ಯುರೋಪಿನ ಉದ್ದಗಲಕ್ಕೂ ಹಬ್ಬಿದ್ದು ಆ ಪದವೇ. ಆದರೆ ಜರ್ಮನ್ ರೂಪ ತಮಿಳಿನ ರೂಪಕ್ಕೆ ಇಷ್ಟು ಹತ್ತಿರ ಬಂದದ್ದು ಮಾತ್ರ ಕಾಕತಾಳೀಯ. ನಡುವೆ ಈ ಪದ ಪ್ರಾಕೃತ, ಗ್ರೀಕ್, ಲ್ಯಾಟಿನ್‌ಗಳ ಬಾಯಲ್ಲಿ ಸುತ್ತಿ, ಸಾಕಷ್ಟು ಬದಲಾಗಿ, ಕೊನೆಗೆ ಮತ್ತೆ ಹಳೆಯ ಆಕಾರಕ್ಕೆ ಬಂದಿದೆ.

ಈ ಪದದಲ್ಲಿ ಎರಡು ತುಂಡು ಇದೆ. ಕನ್ನಡದವರಿಗೆ ಎರಡನೇ ತುಂಡು ತುಂಬಾ ಹತ್ತಿರದ್ದು. ತಮಿಳಿನ ‘ವೇರ್’ ನಮ್ಮ ‘ಬೇರು’. ಪದದ ಮೊದಲಲ್ಲಿ ಅವರಿಗೆ ‘ವ’ ಇದ್ದ ಕಡೆ ನಮಗೆ ‘ಬ’ ಬರುವುದು ಕನ್ನಡದ ಹಳೆಯ ರೂಢಿ. ಅವರ ‘ವಾಯ್’ ನಮ್ಮ ಬಾಯಿ, ಅವರ ‘ವಿಲ್’ ನಮ್ಮ ಬಿಲ್ಲು, ಅವರ ‘ವಾ’ ನಮ್ಮ ಬಾ. ಸೊಗದೆ ಬೇರು, ಲಾವಂಚದ ಬೇರು ಅಂತ ನಾವು ಹೇಳುತ್ತೇವಲ್ಲ, ಅದೇ ಬಗೆಯ ಹೆಸರು ‘ಇಂಜಿವೇರ್’. ಇಂಜಿ ಅನ್ನುವ ಗಿಡದ ಬೇರು, ಅಷ್ಟೇ. ಹಾಗಾಗಿ ಯುರೋಪಿನ ಒಂದೊಂದು ಭಾಷೆಯಲ್ಲೂ ಈ ‘ಬೇರು’ ಏನಾಯಿತು ಅಂತ ಹಿಂಬಾಲಿಸಿದರೆ ಸಾಕು, ಇಡೀ ಕತೆ ಬಿಚ್ಚಿಕೊಳ್ಳುತ್ತದೆ.

ಇಂಜಿ ಅನ್ನುವ ಮೊದಲ ತುಂಡಿನ ಬಗ್ಗೆ ಒಂದು ಮಾತು. ಶುಂಠಿ ಇವತ್ತು ಎಲ್ಲೂ ಕಾಡುಗಿಡವಾಗಿ ಬೆಳೆಯುವುದಿಲ್ಲ, ಮನುಷ್ಯ ನೆಟ್ಟರೆ ಉಂಟು. ಮೊದಲು ಅದನ್ನು ಸಾಕಿಕೊಂಡವರು ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯವರು ಅನ್ನುವುದು ವಿದ್ವಾಂಸರ ಅಭಿಪ್ರಾಯ. ಹಾಗಾಗಿ ‘ಇಂಜಿ’ ಅನ್ನುವ ತುಂಡೂ ಗಿಡದ ಜೊತೆಗೇ ಪೂರ್ವದಿಂದ ಬಂದಿರಬಹುದು ಅಂತ ಕೆಲವರು ಊಹಿಸುತ್ತಾರೆ. ‘ವೇರ್’ ಬಗ್ಗೆ ಅಂಥ ಅನುಮಾನ ಇಲ್ಲ, ಅದು ಅಪ್ಪಟ ದ್ರಾವಿಡ.

ಇಲ್ಲಿ ಒಂದು ತೊಡಕು ಇದೆ. ಪಾಲಿ ಭಾಷೆಯಲ್ಲಿ ಶುಂಠಿಗೆ ‘ಸಿಂಗಿವೇರ’ ಅನ್ನುತ್ತಾರೆ. ಬೌದ್ಧರ ವಿನಯ ಗ್ರಂಥದಲ್ಲಿ ಭಿಕ್ಷುಗಳು ಔಷಧಿಗಾಗಿ ಇಟ್ಟುಕೊಳ್ಳಬಹುದಾದ ಬೇರುಗಳ ಒಂದು ಪಟ್ಟಿ ಬರುತ್ತದೆ. ಮೊದಲು ಅರಿಶಿನ, ಆಮೇಲೆ ಸಿಂಗಿವೇರ, ಆಮೇಲೆ ಬಜೆ, ಮುಂದೆ ಲಾವಂಚವೂ ಇದೆ. ನಮ್ಮ ಅಜ್ಜಿಯರ ಮದ್ದಿನ ಡಬ್ಬಿಯೇ ಅದು. ಆದರೆ ಮೊದಲಲ್ಲಿರುವ ಆ ‘ಸ’ ಎಲ್ಲಿಂದ ಬಂತು? ತಮಿಳಿನ ಇಂಜಿಯಲ್ಲಿ ಅದು ಇಲ್ಲವಲ್ಲ.

ಉತ್ತರಕ್ಕೆ ಉಪ್ಪಿನ ಕಡೆ ನೋಡಬೇಕು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅದು ಉಪ್ಪು. ಬಸ್ತರ್ ಕಡೆಯ ಪರ್ಜಿ ಭಾಷೆಯಲ್ಲಿ ಮಾತ್ರ ಅದು ‘ಚುಪ್’, ಕೋಲಾಮಿಯಲ್ಲಿ ‘ಸುಪ್’. ಇವೆಲ್ಲ ಒಂದೇ ಮನೆತನದ ಭಾಷೆಗಳು. ಮೂಲ ದ್ರಾವಿಡದಲ್ಲಿ ಕೆಲವು ಪದಗಳ ಮೊದಲಲ್ಲಿ ‘ಚ’ದಂಥ ಒಂದು ಸದ್ದಿತ್ತು. ನಮ್ಮ ಕಡೆಯ ಭಾಷೆಗಳಲ್ಲಿ ಅದು ಬಹಳ ಹಿಂದೆಯೇ ಉದುರಿಹೋಯಿತು. ಒಳನಾಡಿನ ಕೆಲವು ಭಾಷೆಗಳು ಅದನ್ನು ಉಳಿಸಿಕೊಂಡವು. ಶುಂಠಿಯ ಹೆಸರೂ ಹಾಗೇ. ಆ ಸದ್ದು ಇನ್ನೂ ಇದ್ದ ಕಾಲದಲ್ಲೇ ಉತ್ತರದವರು ಈ ಪದ ತೆಗೆದುಕೊಂಡರು, ‘ಸಿಂಗಿವೇರ’ ಅಂತ ಉಳಿಸಿಕೊಂಡರು. ಇತ್ತ ತಮಿಳು, ಮಲಯಾಳಗಳಲ್ಲಿ ತಲೆ ಉದುರಿ ‘ಇಂಜಿ’ ಆಯಿತು. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವ ಜಾಗ ಇದು. ಬರಹ ಹುಟ್ಟುವ ಮೊದಲಿನ ಒಂದು ಉಚ್ಚಾರಣೆ ಬೇರೆಯವರ ಬಾಯಲ್ಲಿ ಜೋಪಾನವಾಗಿ ಉಳಿದುಕೊಂಡಿದೆ.

ಸಂಸ್ಕೃತ ಇದನ್ನೇ ‘ಶೃಂಗವೇರ’ ಮಾಡಿಕೊಂಡಿತು. ಶೃಂಗ ಅಂದರೆ ಕೊಂಬು, ವೇರ ಅಂದರೆ ದೇಹ, ಅಂದರೆ ಕೊಂಬಿನ ಆಕಾರದ್ದು ಅಂತ ಅರ್ಥ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ನಾವೂ ಅರಿಶಿನದ ಕೊಂಬು, ಶುಂಠಿ ಕೊಂಬು ಅನ್ನುತ್ತೇವೆ. ಆದರೆ ‘ವೇರ’ವನ್ನು ದೇಹ ಅನ್ನುವ ಅರ್ಥದಲ್ಲಿ ಬಳಸಿದ್ದು ನಿಘಂಟಿನ ಆಚೆ ಸಿಗುವುದು ಕಷ್ಟ. ಹೊರಗಿನಿಂದ ಬಂದ ಪದಕ್ಕೆ ಮನೆಯ ಬಟ್ಟೆ ತೊಡಿಸಿ ಆಮೇಲೆ ಕಟ್ಟಿದ ಅರ್ಥ ಇದು ಅನ್ನುವುದೇ ಸರಿ. ರಾಮಾಯಣದಲ್ಲಿ ಗುಹನ ಊರು ಶೃಂಗವೇರಪುರ, ನೆನಪಿದೆಯಲ್ಲ? ಗಂಗೆಯ ದಡದಲ್ಲಿ, ಪ್ರಯಾಗದ ಹತ್ತಿರ, ಈಗ ಸಿಂಗರೌರ್ ಅನ್ನುವ ಊರು. ಅಲ್ಲಿನವರು ಆ ಹೆಸರಿಗೆ ಶೃಂಗಿ ಋಷಿಯ ಕತೆ ಹೇಳುತ್ತಾರೆ. ಪದಕ್ಕೆ ಪದ ಹಿಡಿದರೆ ಅದು ಶುಂಠಿಪುರ.

ಇಷ್ಟಾದರೂ ಕನ್ನಡದಲ್ಲಿ ಈ ಪದ ನಿಲ್ಲಲಿಲ್ಲ. ನಮ್ಮ ‘ಶುಂಠಿ’ ಸಂಸ್ಕೃತದ ಬೇರೆ ಪದದಿಂದ ಬಂದದ್ದು. ಅಲ್ಲಿ ಅದರ ಅರ್ಥ ಒಣ ಶುಂಠಿ. ಉತ್ತರ ಕರ್ನಾಟಕದಲ್ಲಿ ಹಸಿ ಶುಂಠಿಗೆ ಹೇಳುವ ‘ಅಲ್ಲ’ಕ್ಕೆ ಪ್ರಾಕೃತದ ‘ಅಲ್ಲ’ದ ಜೊತೆ ನಂಟು ಹೇಳುತ್ತಾರೆ. ಅದು ‘ಆರ್ದ್ರ’ದ ತದ್ಭವ, ಒದ್ದೆ ಅಂತ ಅರ್ಥ. ಹಿಂದಿಯ ‘ಅದರಕ್’ ಕೂಡ ಆ ಆರ್ದ್ರದಿಂದಲೇ ಬಂದದ್ದು. ಅಂದರೆ ಒಣಗಿದ್ದಕ್ಕೆ ‘ಶುಂಠಿ’, ಹಸಿಯದ್ದಕ್ಕೆ ‘ಅಲ್ಲ’ ಅಂತ ಹೆಸರು. ಹಾಗಾಗಿ ಹೆಸರಿನ ಮೊದಲ ತುಂಡು ನಮ್ಮಲ್ಲಿ ಬಳಕೆಯಲ್ಲಿಲ್ಲ, ಎರಡನೆಯದು ಮಾತ್ರ ದಿನಾ ಬಾಯಲ್ಲಿದೆ.

ಈಗ ಹಡಗು ಹತ್ತೋಣ. ಕ್ರಿಸ್ತಶಕ 1ನೇ ಶತಮಾನದಲ್ಲಿ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರಿನ ಗಾಳಿ ಹಿಡಿದು ಮಲಬಾರಿನ ಮುಜಿರಿಸ್ ಬಂದರಿಗೆ ಬರುತ್ತಿದ್ದವು. ಮುಖ್ಯ ಸರಕು ಕಾಳುಮೆಣಸು. ಶುಂಠಿಯೂ ಈ ಕಡಲಿನ ವ್ಯಾಪಾರದಲ್ಲೇ ಪಶ್ಚಿಮಕ್ಕೆ ಹೋಯಿತು. ಗ್ರೀಕರು ಅದನ್ನು ‘ಜಿಂಗಿಬೆರಿಸ್’ ಅಂದರು. ಅದೇ ಶತಮಾನದ ವೈದ್ಯ ಡಯೋಸ್ಕೊರಿಡಿಸ್ ತನ್ನ ಔಷಧ ಗ್ರಂಥದಲ್ಲಿ ಈ ಹೆಸರು ಬಳಸಿದ್ದಾನೆ. ಸಿಂಗಿವೇರ ಜಿಂಗಿಬೆರಿಸ್ ಆದಾಗ ‘ವೇರ್’ ಹೋಗಿ ‘ಬೆರ್’ ಬಂತು. ಕನ್ನಡ ತನ್ನ ದಾರಿಯಲ್ಲಿ ಮುಟ್ಟಿದ ಅದೇ ಜಾಗಕ್ಕೆ ಗ್ರೀಕ್ ಬರಹ ತನ್ನ ದಾರಿಯಲ್ಲಿ ಬಂದು ಮುಟ್ಟಿತು.

ರೋಮಿನ ಬರಹಗಾರ ಪ್ಲಿನಿ ಕೂಡ ಅದೇ ಕಾಲದವನು. ಈ ವಸ್ತುವನ್ನು ಕೆಲವರು ಜಿಂಪಿಬೆರಿ ಅನ್ನುತ್ತಾರೆ, ಕೆಲವರು ಜಿಂಗಿಬೆರಿ ಅನ್ನುತ್ತಾರೆ ಅಂತ ಬರೆದಿದ್ದಾನೆ. ಕೆಲವರು ತಿಳಿದಿರುವ ಹಾಗೆ ಇದು ಮೆಣಸಿನ ಗಿಡದ ಬೇರಲ್ಲ, ರುಚಿ ಮಾತ್ರ ಹಾಗಿದೆ ಅಂತ ತಿದ್ದಿದ್ದಾನೆ. ಬೆಲೆಯನ್ನೂ ಕೊಟ್ಟಿದ್ದಾನೆ. ಒಂದು ರೋಮನ್ ಪೌಂಡು ಶುಂಠಿಗೆ 6 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಅದೇ ಕರಿಮೆಣಸಿಗೆ 4. ಆದರೆ ಗಿಡ ಬೆಳೆಯುವುದು ಅರೇಬಿಯದಲ್ಲಿ ಅಂತ ಅವನು ನಂಬಿದ್ದ. ಪಾಪ, ಅವನಿಗೆ ಸಿಕ್ಕಿದ್ದು ದಲ್ಲಾಳಿಗಳು ಹೇಳಿದ ವಿವರ. ಯುರೋಪಿನ ಚಳಿಯಲ್ಲಿ ಶುಂಠಿ ಬೆಳೆಯುವುದಿಲ್ಲ. ಅಲ್ಲಿಗೆ ತಲುಪುತ್ತಿದ್ದದ್ದು ಹೆಚ್ಚಾಗಿ ಒಣಗಿದ ಗೆಡ್ಡೆ. ಗಿಡವನ್ನು ಕಣ್ಣಿಂದ ನೋಡಿದವರು ತೀರಾ ಕಡಿಮೆ. ಹಾಗಾಗಿ ತಮ್ಮದೇ ಹೆಸರು ಇಡುವ ಪ್ರಶ್ನೆಯೂ ಹೆಚ್ಚಾಗಿ ಏಳಲಿಲ್ಲ. ಸರಕಿನ ಜೊತೆ ಬಂದ ಹೆಸರೇ ನಿಂತಿತು.

ಮುಂದೆ ಲ್ಯಾಟಿನ್‌ನಲ್ಲಿ ‘ಜಿಂಗಿಬೆರ್’ ಬರುಬರುತ್ತಾ ‘ಗಿಂಗಿಬೆರ್’ ಅಂತಲೂ ಆಯಿತು. ಆ ಹೊತ್ತಿಗೆ ‘ಇ’ ಸ್ವರ ಕೂಡಿದ ‘ಗ’ ಮೆತ್ತಗಾಗಿ ‘ಜ’, ‘ಯ’ಗಳ ಕಡೆ ಜಾರಿತ್ತು. ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಫ್ರೆಂಚರಲ್ಲಿ ಅದು ‘ಜಿಂಜಿಬ್ರ್’ ಆಯಿತು, ಆಮೇಲೆ ನಡುವೆ ಒಂದು ‘ಮ’ ನುಸುಳಿ ಈಗಿನ ‘ಜ್ಯಾಂಜಾಂಬ್ರ್’. ಪೋರ್ಚುಗೀಸರದ್ದು ‘ಜೆಂಜೀಬ್ರೆ’. ಸ್ಪೇನಿನಲ್ಲಿ ‘ಜ’ಕಾರ ಗಂಟಲಿಗೆ ಇಳಿದು ಈಗ ‘ಹೆನ್‌ಹೀಬ್ರೆ’ಯಂತೆ ಕೇಳುತ್ತದೆ. ಈ ಮೂರರಲ್ಲೂ ಕೊನೆಯ ‘ಬ್ರ’ ನಮ್ಮ ಬೇರು. ನಡುವಿನ ಏಕಾರ ಬಿದ್ದುಹೋಗಿ ಬ, ರ ಒತ್ತಾಗಿ ನಿಂತಿವೆ.

ಜರ್ಮನ್ನರ ಬಾಯಲ್ಲಿ ಆದದ್ದೇ ಬೇರೆ. ಮೊದಲಿನ ‘ಗಿ’ ಮೆತ್ತಗಾಗಿ ‘ಯಿ’ ಆಯಿತು, ಆಮೇಲೆ ಬರೀ ‘ಇ’. ನಡುವಿನ ‘ಬ’ ‘ವ’ ಆಯಿತು. ಮಧ್ಯಯುಗದ ಜರ್ಮನ್‌ನಲ್ಲಿ ‘ಇಂಗೆವೆರ್’, ಈಗ ‘ಇಂಗ್ವರ್’. ಹೀಗೆ ಪದದ ತಲೆ ಎರಡು ಸಲ ಉದುರಿತು. ಒಮ್ಮೆ ದಕ್ಷಿಣ ಭಾರತದಲ್ಲಿ, ಇನ್ನೊಮ್ಮೆ ಸಾವಿರಾರು ಮೈಲಿ ಆಚೆ, ಒಂದಕ್ಕೊಂದು ಸಂಬಂಧವಿಲ್ಲದೆ. ಅದಕ್ಕೇ ಜರ್ಮನ್ ರೂಪ ತಮಿಳಿನ ಪಕ್ಕಕ್ಕೆ ಬಂದು ಕೂತಿದೆ. ಸ್ವೀಡನ್ ಮತ್ತು ಫಿನ್ಲೆಂಡಿನ ರೂಪಗಳು ಜರ್ಮನಿಯ ವ್ಯಾಪಾರಿಗಳ ಕಡೆಯಿಂದ ಉತ್ತರಕ್ಕೆ ಏರಿದವು. ಸ್ವೀಡಿಷ್‌ನ ‘ಫ್ಯಾರ’, ಫಿನ್ನಿಷ್‌ನ ‘ವ್ಯಾರಿ’ ಎರಡೂ ನಮ್ಮ ‘ಬೇರು’ ಪದವೇ.

ಇದೇ ಜರ್ಮನ್ ಪದ ಕೆಲವು ಊರುಗಳ ಮಾತಿನಲ್ಲಿ ಇನ್ನೊಂದು ಹೆಜ್ಜೆ ಹೋಯಿತು. ‘ಇಂಗ್ವರ್’ ಬೇಗ ಬೇಗ ಹೇಳಿ ನೋಡಿ. ‘ವ’ಕ್ಕೆ ತುಟಿ ಸಿದ್ಧವಾಗುವಾಗ ಮುಂಚಿನ ಅನುನಾಸಿಕವೂ ತುಟಿಗೆ ಬಂದುಬಿಡುತ್ತದೆ. ಹಾಗೆ ಆದದ್ದು ‘ಇಂಬೆರ್’. ಪೋಲಿಷ್ ಅದನ್ನು ‘ಇಂಬಿರ್’ ಅಂತ ತೆಗೆದುಕೊಂಡಿತು. ರಷ್ಯನ್, ಉಕ್ರೇನಿಯನ್‌ಗಳಲ್ಲೂ ಹೆಚ್ಚುಕಡಿಮೆ ಅದೇ, ಲಿಥುವೇನಿಯನ್‌ನಲ್ಲಿ ‘ಇಂಬಿಯೆರಸ್’. ಹೋಗಿದ್ದ ‘ಬ’ ಮತ್ತೆ ಬಂತು. ಹಂಗೇರಿಯವರು ಜರ್ಮನ್ನರನ್ನು ಕೇಳದೆ ಲ್ಯಾಟಿನ್ ಕಡೆಯಿಂದ ತಂದುಕೊಂಡರು. ಅವರ ‘ಗ್ಯೊಂಬೇರ್’ ಕೇಳಿದರೆ ಕನ್ನಡದವರಿಗೆ ಆಶ್ಚರ್ಯವಾಗಬೇಕು. ಕೊನೆಯಲ್ಲಿ ಸ್ಪಷ್ಟವಾಗಿ, ದೀರ್ಘ ಏಕಾರದ ಜೊತೆಗೆ, ‘ಬೇರ್’ ಇದೆ. ಯುರೋಪಿನಲ್ಲಿ ನಮ್ಮ ಪದವನ್ನು ಇಷ್ಟು ನೇರವಾಗಿ ಕೇಳಿಸುವ ಭಾಷೆ ನನಗೆ ಬೇರೊಂದು ಕಂಡಿಲ್ಲ. ಸರ್ಬಿಯ, ಕ್ರೊಯೇಷಿಯಗಳ ‘ಜುಂಬಿರ್’ ಹಂಗೇರಿಯಿಂದ ಇಳಿದದ್ದು. ಚೆಕ್ಕರ ‘ಜಾಜ್ವೊರ್’ ಇಟಲಿಯ ಕಡೆಯದು. ಅಲ್ಲಿ ಬೇರು ‘ವೊರ್’ ಆಗಿ ಕೂತಿದೆ.

ಬಾಲ್ಕನ್ ಪ್ರದೇಶದಲ್ಲಿ ಇನ್ನೊಂದು ದಾರಿಯಿಂದ ಬಂದ ರೂಪ ಸಿಗುತ್ತದೆ. ಈ ಪದ ಗ್ರೀಸಿಗೆ ಹೋದ ಹಾಗೇ ಇರಾನಿಗೂ ಅರಬ್ ನಾಡಿಗೂ ಹೋಗಿತ್ತು. ಅರಬ್ಬಿಯಲ್ಲಿ ‘ಜಂಜಬೀಲ್’. ಸ್ವರ್ಗದಲ್ಲಿ ಕುಡಿಯಲು ಕೊಡುವ ಪಾನೀಯದಲ್ಲಿ ಅದು ಬೆರೆತಿರುತ್ತದೆ ಅಂತ ಕುರಾನಿನಲ್ಲಿ ಬರುತ್ತದೆ. ‘ರ’ ಹೋಗಿ ‘ಲ’ ಬಂದಿದೆ ನೋಡಿ. ಬೇರ್ ಬೀಲ್ ಆಯಿತು. ತುರ್ಕರು ಅದನ್ನು ‘ಜೆಂಜೆಫಿಲ್’ ಅಂದರು. ಅವರ ಆಳ್ವಿಕೆಯ ಕಾಲದಲ್ಲಿ ಅದು ಬಲ್ಗೇರಿಯಕ್ಕೆ ‘ಜಿಂಜಿಫಿಲ್’ ಆಗಿ, ಅಲ್ಬೇನಿಯಕ್ಕೆ ‘ಜೆಂಜೆಫಿಲ್’ ಆಗಿ ಹೋಯಿತು. ಇಲ್ಲಿನ ‘ಫಿಲ್’ನಲ್ಲಿ ಬೇರನ್ನು ಗುರುತಿಸಲು ದಾರಿ ಗೊತ್ತಿದ್ದವರಿಗಷ್ಟೇ ಸಾಧ್ಯ.

ಮಧ್ಯಯುಗದಲ್ಲಿ ವೆನಿಸ್, ಫ್ಲಾರೆನ್ಸ್ ಕಡೆಯ ವ್ಯಾಪಾರಿಗಳಿಗೆ ಶುಂಠಿ ದೊಡ್ಡ ಸರಕು. 1340ರ ಸುಮಾರಿಗೆ ಫ್ಲಾರೆನ್ಸಿನ ಪೆಗೊಲೊಟ್ಟಿ ಎಂಬ ವರ್ತಕ ಬರೆದ ವ್ಯಾಪಾರದ ಕೈಪಿಡಿಯಲ್ಲಿ ಮೂರು ಬಗೆಯ ಶುಂಠಿ ಬರುತ್ತದೆ. ‘ಕೊಲೊಂಬೀನೊ’ ಅಂದರೆ ಕೇರಳದ ಕೊಲ್ಲಂನದು. ‘ಮಿಕ್ಕೀನೊ’ ಅಂದರೆ ಮೆಕ್ಕಾ ಕಡೆಯದು. ‘ಬೆಲ್ಲೇದಿ’ ಅನ್ನುವುದು ಅರಬ್ಬಿಯ ‘ಬಲದಿ’, ಅಂದರೆ ಆಯಾ ನಾಡಿನದು, ನಾವು ನಾಟಿ ಅನ್ನುತ್ತೇವಲ್ಲ ಅದು. ಊರಿನ ಹೆಸರಿನಿಂದ ಶುಂಠಿಯನ್ನು ಗುರುತಿಸುವ ರೂಢಿ ಈಗಲೂ ಇದೆ. ಕೇರಳ, ಕರ್ನಾಟಕದ ಬೆಳೆಗಾರರು ಹಾಕುವ ತಳಿಗಳಲ್ಲಿ ರಿಯೊ ಡಿ ಜನೈರೊ ಅನ್ನುವುದೂ ಒಂದು.

ಇಟಲಿಯವರ ಪದದಲ್ಲಿ ಬೇರಿಗೆ ಸ್ವಲ್ಪ ಜಾಸ್ತಿಯೇ ಪೆಟ್ಟು ಬಿದ್ದಿದೆ. ಹಳೆಯ ‘ಜೆಂಜೆವೆರೊ’ದಲ್ಲಿ ‘ವೆರ್’ ಪೂರ್ತಿ ಇತ್ತು. ಈಗಿನ ‘ಜೆಂಜೆರೊ’ದಲ್ಲಿ ‘ವೆ’ ಮಾಯ. ಇಂಗ್ಲಿಷಿನಲ್ಲೂ ಅದೇ ಆಗಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ವೈದ್ಯ ಬರಹಗಳಲ್ಲಿ ‘ಗಿಂಗಿಫೆರ್’ ಅಂತ ಸಿಗುತ್ತದೆ. ಎರಡು ಸ್ವರಗಳ ನಡುವಿನ ‘ಫ’ವನ್ನು ಆಗ ‘ವ’ ಅಂತಲೇ ಓದುತ್ತಿದ್ದರು. ಫ್ರೆಂಚಿನ ಒತ್ತಡದಲ್ಲಿ ಅದು ‘ಜಿಂಜಿವೆರೆ’ ಆಯಿತು, ಮತ್ತೆ ಸವೆದು ‘ಜಿಂಜೆರೆ’, ಕೊನೆಗೆ ‘ಜಿಂಜರ್’. ಬೇರಿನಲ್ಲಿ ಉಳಿದದ್ದು ಒಂದು ರೇಫ ಮಾತ್ರ. ಈ ಒಂದೇ ಪದದ ಓಡಾಟವನ್ನು ಹಿಡಿಯಲು ಅಲನ್ ರಾಸ್ ಎಂಬ ಇಂಗ್ಲಿಷ್ ಭಾಷಾ ವಿದ್ವಾಂಸರು ಒಂದು ಪುಸ್ತಕವನ್ನೇ ಬರೆದರು, 1952ರಲ್ಲಿ. ಅಷ್ಟು ಸರಕು ಇದರಲ್ಲಿದೆ.

ಅರ್ಥ ಅತಿ ಹೆಚ್ಚು ಹಿಗ್ಗಿದ್ದು ಇಂಗ್ಲಿಷಿನಲ್ಲೇ. ಕೆಂಗಂದು ಕೂದಲಿನವರನ್ನು, ಕೆಂಚು ಬೆಕ್ಕನ್ನು ಜಿಂಜರ್ ಅನ್ನುತ್ತಾರೆ. ಗ್ಲಾಸ್ಗೊದಲ್ಲಿ ‘ಜಿಂಜರ್’ ಅಂದರೆ ಗ್ಯಾಸು ತುಂಬಿದ ಯಾವ ತಂಪು ಪಾನೀಯವಾದರೂ ಸರಿ, ಅದರಲ್ಲಿ ಶುಂಠಿ ಇರಬೇಕೆಂದೇನಿಲ್ಲ. ಯಾರನ್ನಾದರೂ, ಯಾವುದನ್ನಾದರೂ ಚುರುಕುಗೊಳಿಸುವುದಕ್ಕೆ ‘ಜಿಂಜರ್ ಅಪ್’ ಅನ್ನುತ್ತಾರೆ. ಇದರ ಹಿಂದಿನದು ಕ್ರೂರ ಸಂಗತಿ. ಮುದಿ ಕುದುರೆ ಚುರುಕಾಗಿ ಕಾಣಲಿ, ಬಾಲ ಎತ್ತಿ ನಡೆಯಲಿ ಅಂತ ವ್ಯಾಪಾರಿಗಳು ಅದರ ಗುದದಲ್ಲಿ ಶುಂಠಿ ತುಂಡು ಇಡುತ್ತಿದ್ದರು. ಪಕ್ಷದ ಒಳಗಿದ್ದುಕೊಂಡೇ ನಾಯಕರಿಗೆ ಬಿಸಿ ಮುಟ್ಟಿಸುವ ಗುಂಪಿಗೆ ‘ಜಿಂಜರ್ ಗ್ರೂಪ್’ ಅನ್ನುವ ಹೆಸರು ಬಂದದ್ದೂ ಈ ಚುರುಕಿನ ಅರ್ಥದಿಂದಲೇ.

ಹಾಗಂತ ಕೇಳಿಸಿದ್ದೆಲ್ಲ ಶುಂಠಿಯಲ್ಲ. ‘ಜಿಂಜರ್ಲಿ’ ಅಂದರೆ ಹುಷಾರಾಗಿ, ಮೆಲ್ಲಗೆ. ಇದು ನಾಜೂಕು ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದಿರುವ ಸಾಧ್ಯತೆ ಹೆಚ್ಚು. ‘ಜಿಂಜರ್‌ಬ್ರೆಡ್’ ಕತೆ ಇನ್ನೂ ಸ್ವಾರಸ್ಯ. ಮೊದಲು ಅದು ಬ್ರೆಡ್ಡೇ ಅಲ್ಲ. ಕೆಡದಂತೆ ಪಾಕ ಮಾಡಿ ಇಟ್ಟ ಶುಂಠಿಗೆ ಹಳೆಯ ಫ್ರೆಂಚಿನಲ್ಲಿ ‘ಜಿಂಜೆಂಬ್ರಾಸ್’ ಅನ್ನುತ್ತಿದ್ದರು. ಇಂಗ್ಲಿಷರ ಕಿವಿಗೆ ಕೊನೆಯ ‘ಬ್ರಾಸ್’ ಬ್ರೆಡ್ ಅಂತ ಕೇಳಿಸಿತು. ಹೆಸರು ಹಾಗೆ ನಿಂತ ಮೇಲೆ ತಿಂಡಿಯೂ ಹಿಟ್ಟಿನದಾಯಿತು. ನೆರೆಯ ಭಾಷೆಗಳಲ್ಲಿ ಅದೇ ಬಗೆಯ ತಿಂಡಿಯ ಹೆಸರಿನಲ್ಲಿ ಶುಂಠಿ ಇಲ್ಲ. ಫ್ರೆಂಚರದ್ದು ಮಸಾಲೆ ಬ್ರೆಡ್ಡು, ಸ್ವೀಡನ್ನಿನವರದ್ದು ಮೆಣಸಿನ ಕೇಕು. ಪೋಲೆಂಡಿನ ಟೊರುನ್ ಊರಿನ ಹೆಸರಾಂತ ‘ಪಿಯೆರ್ನಿಕ್’ ಕೂಡ ಮೆಣಸಿನ ಪದದಿಂದಲೇ ಬಂದದ್ದು.

ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ‘ಬೇರು’ ಅನ್ನುವ ಅರ್ಥ ಯಾರಿಗೂ ಗೊತ್ತಿರಲಿಲ್ಲವಲ್ಲ, ಅದಕ್ಕೆ ಯುರೋಪಿನವರು ಅದನ್ನು ಮತ್ತೆ ಮತ್ತೆ ಸೇರಿಸಿದರು. ಇಂಗ್ಲಿಷಿನಲ್ಲಿ ‘ಜಿಂಜರ್ ರೂಟ್’ ಅನ್ನುತ್ತಾರೆ. ಬಿಡಿಸಿದರೆ ಇಂಜಿ-ಬೇರು-ಬೇರು. ಹಿಂದೆ ಶುಂಠಿಯ ಒಂದು ಗೆಡ್ಡೆಗೆ ಅವರು ‘ರೇಸ್’ ಅನ್ನುತ್ತಿದ್ದರು. ಅದೂ ಲ್ಯಾಟಿನ್‌ನ ‘ರಾಡಿಕ್ಸ್’, ಅಂದರೆ ಬೇರು. ಹಂಗೇರಿಯಲ್ಲಿ ‘ಗ್ಯೊಂಬೇರ್‌ಗ್ಯೊಕೇರ್’ ಅನ್ನುವ ಬೇರೆಯೇ ಒಂದು ಕಾಡುಗಿಡ ಇದೆ. ‘ಗ್ಯೊಕೇರ್’ ಅಂದರೆ ಅವರ ಭಾಷೆಯಲ್ಲಿ ಬೇರು.

ಸಸ್ಯಶಾಸ್ತ್ರದವರು ಶುಂಠಿ ಅನ್ನುವುದು ಬೇರು ಅಲ್ಲವೇ ಅಲ್ಲ, ನೆಲದೊಳಗಿನ ಕಾಂಡ ಅನ್ನುತ್ತಾರೆ. ಸರಿಯೇ. ಆದರೆ ಅದಕ್ಕೆ ಅವರು ಬಳಸುವ ‘ರೈಜೋಮ್’ ಪದ ಗ್ರೀಕ್‌ನ ‘ರಿಜಾ’ದಿಂದ ಬಂದದ್ದು, ಮತ್ತೆ ಬೇರು. ಗಿಡದ ವೈಜ್ಞಾನಿಕ ಹೆಸರು ‘ಜಿಂಜಿಬರ್ ಅಫಿಸಿನೇಲ್’. ಲಿವರ್‌ಪೂಲಿನ ವಿಲಿಯಂ ರಾಸ್ಕೊ 1807ರಲ್ಲಿ ಇಟ್ಟದ್ದು. ಇಡೀ ಕುಟುಂಬಕ್ಕೆ ‘ಜಿಂಜಿಬರೇಸಿ’ ಅಂತ ಹೆಸರು. ಅರಿಶಿನ, ಏಲಕ್ಕಿ ಎರಡೂ ಅದರಲ್ಲೇ ಬರುತ್ತವೆ. ಏಲಕ್ಕಿಯಲ್ಲಿ ನಾವು ಬಳಸುವುದು ಕಾಯಿಯನ್ನು. ಆದರೂ ಅದರ ಮನೆತನದ ಹೆಸರಿನಲ್ಲಿ ಬೇರು ಇದೆ.

ಇಷ್ಟೆಲ್ಲ ಭಾಷೆಗಳಿಗೆ ಪದ ಹಂಚಿದ ಗ್ರೀಸಿನಲ್ಲಿ ಈಗ ‘ಜಿಂಗಿಬೆರಿಸ್’ ದಿನಬಳಕೆಯಲ್ಲಿಲ್ಲ. ಅಲ್ಲಿನವರು ಶುಂಠಿಗೆ ‘ಪಿಪೆರೋರಿಜಾ’ ಅನ್ನುತ್ತಾರೆ. ಪಿಪೆರಿ ಅಂದರೆ ಮೆಣಸು, ರಿಜಾ ಅಂದರೆ ಬೇರು. ಮೆಣಸಿನ ಬೇರು! ಇದು ತಪ್ಪು ಅಂತ ಪ್ಲಿನಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿದ್ದ. ಅದರ ‘ಪಿಪೆರಿ’ ಕೂಡ ನಮ್ಮ ಹಿಪ್ಪಲಿಯ ಪ್ರಾಕೃತ ರೂಪದಿಂದ ಹೋದದ್ದು. ಇತ್ತೀಚೆಗೆ ಅಲ್ಲಿನ ಅಂಗಡಿಗಳಲ್ಲಿ ಇಂಗ್ಲಿಷಿನಿಂದ ತಂದ ‘ಜಿಂಜರ್’ ಕೂಡ ಪಿಪೆರೋರಿಜಾದ ಪಕ್ಕದಲ್ಲಿ ನಡೆಯುತ್ತಿದೆ, ನಮ್ಮಲ್ಲಿ ಜಿಂಜರ್ ಟೀ, ಜಿಂಜರ್ ಗಾರ್ಲಿಕ್ ಪೇಸ್ಟ್ ನಡೆಯುವ ಹಾಗೆ.